ಟರ್ಕಿ ಹುಂಜದ ಯುಗಾದಿ

ಮಧುಗಿರಿ ದಾಟಿದ ಮೇಲೆ ಕೊರಟಗೆರೆ ಕಡೆಯ ಪ್ರೈವೇಟ್ ಬಸ್ಸಿನ ಡ್ರೈವರುಗಳಿಗೆ ಏನು ಹಿಡಿದುಕೊಳ್ಳುತ್ತದೋ ಕಾಣೆ, ಹಾರ್ನಿನ ಮೇಲಿಟ್ಟ ಕೈಯನ್ನು ತೆಗೆಯುವುದೇ ಇಲ್ಲ. ಅದರಲ್ಲೂ ಇವತ್ತು ಯುಗಾದಿಯ ಮಾರನೆಯ ದಿನ, ಹೊಸತೊಡಕು. ಬಸ್ಸಿನ ತುಂಬ ಬಾಡೂಟಕ್ಕೆ ಹೊರಟ ನೆಂಟರು. ನಾನು ಪಾವಗಡದಲ್ಲಿ ಹತ್ತಿ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಖಾಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದೆ. ಹೊಂಗೆ ಹೂವಿನ ವಾಸನೆ ಬಿಸಿಗಾಳಿಯ ಜೊತೆ ಮುಖಕ್ಕೆ ಹೊಡೆಯುತ್ತಿತ್ತು. ಗುಂಡುಕಲ್ಲಹಟ್ಟಿಗೆ ಇನ್ನೂ ಸ್ವಲ್ಪ ದೂರವಿರುವಾಗ, ಬೆಟ್ಟದ ಬುಡದ ತಿರುವಿನಲ್ಲಿ ಡ್ರೈವರು ಹಾರ್ನು ಒತ್ತಿದ. ನನ್ನ ಕಿವಿ ತಾನಾಗಿಯೇ ಬೆಟ್ಟದ ಕಡೆ ತಿರುಗಿತು. ಉತ್ತರ ಬರಲಿಲ್ಲ. ಬರುವುದಿಲ್ಲ ಎಂದು ನನಗೂ ಗೊತ್ತು. ಆದರೂ ಆ ತಿರುವಿನಲ್ಲಿ ಹಾರ್ನು ಕೇಳಿದರೆ ‘ಗಳಗಳಗಳ’ ಎಂಬ ಒಂದು ದರಿದ್ರ ಸದ್ದಿಗೆ ಕಾಯುವ ರೋಗ ನನಗೆ ಅಂಟಿಕೊಂಡುಬಿಟ್ಟಿದೆ. ಅಂಟಿಸಿದವರು ನಮ್ಮ ಯಜಮಾನರು.

ನಾನು ಆಗ ಗುಂಡುಕಲ್ಲಹಟ್ಟಿಯ ಆರೋಗ್ಯ ಉಪಕೇಂದ್ರದ ನರ್ಸು. ಹಟ್ಟಿಯಿಂದ ಸ್ವಲ್ಪ ಈಚೆಗೆ, ರಸ್ತೆಗೆ ಅಂಟಿಕೊಂಡಂತೆ ಕೇಂದ್ರ, ಅದರ ಹಿಂದೆಯೇ ನಮ್ಮ ಕ್ವಾರ್ಟರ್ಸು, ಕ್ವಾರ್ಟರ್ಸಿನ ಹಿಂದೆ ಹುಣಸೆಮರ, ಮರದ ಹಿಂದಿನಿಂದಲೇ ಬೆಟ್ಟ ಶುರು. ಮಕ್ಕಳಿಗೆ ಚುಚ್ಚುಮದ್ದು, ಬಸುರಿಯರಿಗೆ ಕಬ್ಬಿಣದ ಮಾತ್ರೆ, ಮುದುಕರಿಗೆ ಬಿ.ಪಿ. ನೋಡುವುದು, ಇವೆಲ್ಲ ನನ್ನ ಕೆಲಸ. ನಮ್ಮ ಯಜಮಾನರು ರಂಗನಾಥರ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಕೆಮ್ಮುತ್ತಿದ್ದೆ. ಸಿರಾದಲ್ಲಿ ಅವರಿಗೊಂದು ಮೊಬೈಲ್ ಅಂಗಡಿ ಇತ್ತು. ರಿಪೇರಿಗೆ ಬಂದ ಫೋನುಗಳಲ್ಲೇ ವಿಡಿಯೋ ನೋಡಿಕೊಂಡು ಕೂತು, ಫೋನು ಕೇಳಲು ಬಂದ ಗಿರಾಕಿಗೆ ಜೇನು ಸಾಕಣೆಯ ಬಗ್ಗೆ ಭಾಷಣ ಮಾಡಿ ಕಳಿಸುತ್ತಿದ್ದ ಮಹಾನುಭಾವರು ಇವರು. ಅಂಗಡಿ ಮುಚ್ಚದೆ ಇನ್ನೇನಾದೀತು? ಅಲ್ಲಿಂದ ಬಂದು ನನ್ನ ಕ್ವಾರ್ಟರ್ಸಿನ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತವರು, ‘ಪ್ಲಾನ್ ಮಾಡ್ತಾ ಇದೀನಿ ಗಂಗಾ’ ಎನ್ನುತ್ತಿದ್ದರು. ನನ್ನ ಹೆಸರು ಶಿವಗಂಗಮ್ಮ. ಏನಾದರೂ ಎಡವಟ್ಟು ಕಾದಿದೆ ಎಂದಾಗ ಮಾತ್ರ ಗಂಗಾ.

ಆ ವರ್ಷದ ಪ್ಲಾನು ಟರ್ಕಿ ಕೋಳಿ. ಮುಂಗಾರಿನಲ್ಲಿ ಮರಿಗಳು ಬಂದವು. ಕತ್ತು ಬೋಳು, ಕಾಲು ಉದ್ದ, ಮುಖ ಸುಟ್ಟ ಬದನೆಕಾಯಿ. ಹುಣಸೆಮರದ ಕೆಳಗೆ ಬಲೆ ಕಟ್ಟಿದರು, ಸುತ್ತಲೂ ಕಟ್ಟಿದರು, ಮೇಲೆ ಕಟ್ಟಲಿಲ್ಲ.

‘ರೀ, ಮೇಲೆ?’ ಎಂದೆ.

‘ಟರ್ಕಿ ಹಾರಲ್ಲ ಗಂಗಾ. ಬಾಡಿ ವೆಯಿಟ್ ಜಾಸ್ತಿ. ಇದರ ಮೇಲೆ ಬೇಕಾದಷ್ಟು ವಿಡಿಯೋ ಐತೆ.’

ಹುಣಸೆಮರದ ಮೇಲಿನ ಕಾಗೆಯೂ ನಕ್ಕಿರಬೇಕು. ಮಾಘ ಮಾಸದ ಒಂದು ಸಂಜೆ, ನಮ್ಮ ಕಣ್ಣೆದುರೇ, ಆ ಬಾಡಿ ವೆಯಿಟ್ಟುಗಳೆಲ್ಲ ಒಂದೊಂದಾಗಿ ಎದ್ದು ಹುಣಸೆಮರದ ಕೊಂಬೆಗೆ ಹೋಗಿ ಕೂತವು. ಬೆಳಿಗ್ಗೆ ಅಲ್ಲಿಂದ ಬೆಟ್ಟಕ್ಕೆ. ಯಜಮಾನರು ಕೆಳಗೆ ನಿಂತು ‘ಬಾ ಬಾ ಬಾ’ ಎಂದು ಕರೆಯುತ್ತಿದ್ದರು. ಮಾತ್ರೆಗೆ ಬಂದಿದ್ದ ಮುದುಕಿಯರಿಗೆ ಅವತ್ತು ಬಿ.ಪಿ. ನೋಡುವ ಅಗತ್ಯವೇ ಬೀಳಲಿಲ್ಲ, ನಕ್ಕು ನಕ್ಕು ಹಗುರಾಗಿ ಮನೆಗೆ ಹೋದರು.

ನರಿ ತಿಂದವೆಷ್ಟೋ, ಚಿರತೆ ತಿಂದವೆಷ್ಟೋ. ಶಿವರಾತ್ರಿ ಕಳೆಯುವ ಹೊತ್ತಿಗೆ ಬೆಟ್ಟದ ಮೇಲೆ ಒಂದೇ ಒಂದು ಹುಂಜ ಉಳಿದಿತ್ತು. ಅದು ಉಳಿದಿದೆ ಎಂದು ಇಡೀ ಸೀಮೆಗೆ ಗೊತ್ತಾಯಿತು, ಯಾಕೆಂದರೆ ಬಿಸಿಲು ಏರುತ್ತಿದ್ದಂತೆ ಅದಕ್ಕೆ ಪ್ರಾಯದ ಹುಚ್ಚೂ ಏರಿತು. ತಿರುವಿನಲ್ಲಿ ಬಸ್ಸು ಹಾರ್ನು ಹೊಡೆದರೆ ಸಾಕು, ಬೆಟ್ಟದಿಂದ ‘ಗಳಗಳಗಳ’. ನನ್ನ ಕುಕ್ಕರು ಕೂಗಿದರೆ ‘ಗಳಗಳಗಳ’. ಚುಚ್ಚುಮದ್ದಿನ ದಿನ ಒಂದು ಮಗು ಚೀರಿದರೆ ಅದಕ್ಕೂ ‘ಗಳಗಳಗಳ’. ಯಾವ ದೊಡ್ಡ ಸದ್ದು ಕೇಳಿದರೂ ಇನ್ನೊಂದು ಹುಂಜ ಸವಾಲು ಹಾಕಿತೆಂದು ತಿಳಿದು ಉತ್ತರ ಕೊಡುವ ಪೆದ್ದು ಪ್ರಾಣಿ ಅದು. ನಮ್ಮ ಯಜಮಾನರಿಗೂ ಅದಕ್ಕೂ ಹೊಂದಿಕೆಯಾದದ್ದರಲ್ಲಿ ಆಶ್ಚರ್ಯವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನೆಲ್ಲ ನೆನೆಯುತ್ತಿರಲಿಲ್ಲ. ಅಡ್ಡ ಬಂದದ್ದು ಹಟ್ಟಿಯ ಬೇಟೆ.

ಯುಗಾದಿಯ ಮಾರನೆ ದಿನ ಹಟ್ಟಿಯ ಗಂಡಸರೆಲ್ಲ ಬೇಟೆಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿ. ಈಗ ಬೇಟೆ ಎಲ್ಲಿ? ಮೊಲ ಮುಟ್ಟಿದರೆ ಕೇಸು, ನವಿಲು ಮುಟ್ಟಿದರೆ ಜೈಲು. ಹಾಗಾಗಿ ದೇವರ ಗುಡಿಯ ಮುಂದೆ ತಲೆಗೆ ಕೆಂಪು ವಸ್ತ್ರ ಕಟ್ಟಿಸಿಕೊಂಡು, ದೊಣ್ಣೆ ಹಿಡಿದು, ಬೆಟ್ಟವನ್ನೊಂದು ಸುತ್ತು ಹಾಕಿ, ಬರಿಗೈಯಲ್ಲಿ ಇಳಿದು ಬಂದು, ಮೊದಲೇ ತಂದಿಟ್ಟ ಕುರಿಗಳನ್ನು ಕಡಿಯುತ್ತಿದ್ದರು. ಆಮೇಲೆ ಗುಡಿಯ ಹಿಂದಿನ ಬಯಲಿನಲ್ಲಿ ಮುತ್ತುಗದ ಎಲೆ ಹರಡಿ, ಹಟ್ಟಿಯ ಒಂದೊಂದು ಒಕ್ಕಲಿಗೂ ಒಂದೊಂದು ಗುಡ್ಡೆ ಮಾಂಸ ಸಮಸಮವಾಗಿ ಪಾಲು ಹಾಕುವುದು. ಬಡವ ಬಲ್ಲಿದ ಎಂದಿಲ್ಲ, ಯಾರ ಗುಡ್ಡೆಯೂ ಒಂದು ಚೂರು ಹೆಚ್ಚಿಲ್ಲ. ಯಾರಿಗೆ ಗುಡ್ಡೆ ಬಿತ್ತೋ ಅವರು ಆ ಊರಿನವರು. ಇದೆಲ್ಲದರ ಹಿರೇತನ ಹಟ್ಟಿ ಯಜಮಾನ ಚಿಕ್ಕೀರಣ್ಣನದು. ಕುರಿ ಕಾದು ಕಾದು ಕುರಿಯಷ್ಟೇ ಮಾತು ಕಮ್ಮಿಯಾಗಿದ್ದ ಮುದುಕ.

ನಮ್ಮ ಯಜಮಾನರಿಗೆ ಆ ಗುಡ್ಡೆಯ ಮೇಲೆ ಕಣ್ಣು. ಮಾಂಸದ ಆಸೆಯಲ್ಲ. ಭಾನುವಾರ ಬಂದರೆ ಕೊರಟಗೆರೆಯಿಂದ ಕೋಳಿ ತರುತ್ತಿದ್ದರಲ್ಲ. ಹಟ್ಟಿಯವರು ತಮ್ಮನ್ನೂ ಒಂದು ಒಕ್ಕಲೆಂದು ಎಣಿಸಬೇಕು, ಅದು ಅವರ ಆಸೆ. ನಾವು ಆ ಊರಿಗೆ ಬಂದ ಮೊದಲ ಹೊಸತೊಡಕಿನ ದಿನ ಅವರು ಒಂದು ದೊಡ್ಡ ಪಾತ್ರೆಯನ್ನು ಬೆಳಗಿ ಜಗಲಿಯ ಮೇಲೆ ಇಟ್ಟುಕೊಂಡು ಕಾದರು. ಎಲ್ಲರೂ ಎಲೆಗಂಟು ಹಿಡಿದು ರಸ್ತೆಯಲ್ಲಿ ಹೋದರು. ನಮ್ಮ ಮನೆಗೆ ಯಾರೂ ಬರಲಿಲ್ಲ. ಎರಡನೆಯ ವರ್ಷವೂ ಪಾತ್ರೆ ಬೆಳಗಿದರು, ಕಾದರು. ಸಂಜೆ ಪಾತ್ರೆ ಒಳಗೆ ತಂದಿಟ್ಟು, ‘ಇವರ ಮಕ್ಕಳಿಗೆಲ್ಲ ನೀನೇ ಸೂಜಿ ಹಾಕೋದು. ಒಂದು ಪಾಲು ಕೊಟ್ರೆ ಏನು ಗಂಟು ಹೋಗ್ತಿತ್ತು?’ ಎಂದರು. ಮುಖ ಇಷ್ಟಾಗಿತ್ತು.

‘ಬಿಡ್ರಿ, ಮೂಳೆ ತುಂಡಿಗೆ ಊರಿನೋರ ಮುಂದೆ ಪಾತ್ರೆ ಹಿಡ್ಕೊಂಡು ಕೂತ್ಕೋತೀರಲ್ಲ, ನಾಚಿಕೆ ಆಗಲ್ವಾ?’ ಎಂದು ನಾನು ಅಂದೆ. ಇನ್ನೇನನ್ನಲಿ? ಸರ್ಕಾರಿ ಕೆಲಸದಲ್ಲಿರುವವಳು ನಾನು, ಒಂದು ಪಾಲಿಗಾಗಿ ಯಾರ ಬಾಗಿಲಿಗೂ ಹೋಗುವವಳಲ್ಲ. ಹಟ್ಟಿಯವರ ಮೇಲೂ ನನಗೆ ಸಿಟ್ಟಿತ್ತು. ಹೆರಿಗೆಗೆ ನರ್ಸಮ್ಮ ಬೇಕು, ಹಬ್ಬಕ್ಕೆ ಬೇಡ ಅಂದರೆ ಏನರ್ಥ?

ಹೀಗಿರುವಾಗ ಬೆಟ್ಟದ ಮೇಲೆ ಈ ಹುಂಜ. ಫಾರೆಸ್ಟ್ ಗಾರ್ಡು ಚಹಾಕ್ಕೆ ನಮ್ಮಲ್ಲಿ ನಿಂತಾಗ ಯಜಮಾನರು ಬಾಯಿಬಿಟ್ಟು ಕೇಳಿಯೇ ಬಿಟ್ಟರು, ‘ಅದನ್ನ ಶಿಕಾರಿ ಮಾಡಬಹುದಾ ಸಾರ್?’

ಗಾರ್ಡು ನಕ್ಕ. ‘ಅದು ಕಾಡು ಹಕ್ಕಿ ಅಲ್ಲ ಕಣ್ರೀ, ನಿಮ್ಮನೆ ಕೋಳಿ. ನಿಮ್ಮನೆ ಕೋಳೀನ ನೀವು ಹೊಡ್ಕೊಂಡು ತಿನ್ನೋಕೆ ನನ್ನನ್ಯಾಕೆ ಕೇಳ್ತೀರ? ಆದ್ರೆ ಬಂದೂಕು ಗಿಂದೂಕು ಅಂತ ಬೆಟ್ಟ ಹತ್ತಬೇಡಿ, ಒಳಕ್ಕಾಕ್ಬುಡ್ತೀನಿ.’

ಮಾತಿನ ಮೊದಲ ಅರ್ಧ ಮಾತ್ರ ಇವರ ಕಿವಿಗೆ ಬಿತ್ತು. ಅಂದಿನಿಂದ ಹಟ್ಟಿಯ ಗಂಡಸರ ನಡುವೆ ಇವರೇ ರಾಜರು. ಎಷ್ಟೋ ವರ್ಷದ ಮೇಲೆ ಯುಗಾದಿಯ ಬೇಟೆಗೆ ಒಂದು ನಿಜವಾದ ಬೇಟೆ ಸಿಕ್ಕಿತ್ತು, ಅದೂ ಕೇಸಿಲ್ಲದ ಬೇಟೆ. ಸುಮ್ಮನೆ ಒಂದು ಹಿಡಿ ರಾಗಿ ಹಿಡಿದು ಹೋಗಿ ಕರೆದುಕೊಂಡು ಬರುವುದನ್ನು ಬಿಟ್ಟು ಇವರೆಲ್ಲ ಜಗಲಿಯ ಮೇಲೆ ಮೀಟಿಂಗು ಮಾಡಿದರು. ನಾನು ಒಳಗಿನಿಂದ, ‘ಅದು ಸಾಕಿದ ಕೋಳಿ ಕಣ್ರಪ್ಪಾ. ತಟ್ಟೆ ಬಡಿದ್ರೆ ಬರುತ್ತೆ’ ಎಂದೆ. ಯಜಮಾನರು ನನ್ನ ಕಡೆ ತಿರುಗಿ, ‘ಈಗ ಅದು ವೈಲ್ಡ್ ಆಗಿದೆ’ ಎಂದರು. ಹಿಂದಿನ ತಿಂಗಳಷ್ಟೇ ನನ್ನ ಮುಸುರೆ ಬಕೆಟ್ಟಿಗೆ ತಲೆ ಹಾಕುತ್ತಿದ್ದ ಹಕ್ಕಿ!

ಅಮೆರಿಕದ ಯಾವನೋ ಗಡ್ಡದವನು ಕಾಡಿನಲ್ಲಿ ಮರಕ್ಕೊರಗಿ ಕೂತು ಪಿಸುಗುಡುವ ವಿಡಿಯೋಗಳನ್ನು ನೋಡಿ ನೋಡಿ, ನಮ್ಮ ಯಜಮಾನರು ಒಂದು ಉದ್ದನೆಯ ವಾಯ್ಸ್ ಮೆಸೇಜು ಮಾಡಿ ವಾಟ್ಸಾಪ್ ಗ್ರೂಪಿಗೆ ಬಿಟ್ಟರು. ಅದಕ್ಕೆ ಹೆಸರು ಬೇರೆ: ವಸಂತಕಾಲದ ಟರ್ಕಿ ಶಿಕಾರಿಗೆ ಪ್ರಾಕ್ಟಿಕಲ್ ಟಿಪ್ಸ್. ನನಗೆ ಅದು ಇವತ್ತಿಗೂ ಬಾಯಿಪಾಠ. ಎಷ್ಟು ಸಲ ಕೇಳಿಸಿದರೋ ಆ ಪುಣ್ಯಾತ್ಮರು.

ವಸಂತದಲ್ಲಿ ಹುಂಜಕ್ಕೆ ಹೇಟೆಯ, ಅಂದರೆ ಹೆಣ್ಣುಕೋಳಿಯ, ಚಿಂತೆ ಬಿಟ್ಟರೆ ಬೇರೆ ಚಿಂತೆ ಇರುವುದಿಲ್ಲ, ಆದ್ದರಿಂದ ಅದನ್ನು ಹುಡುಕಿಕೊಂಡು ಹೋಗಬೇಡಿ, ಹೇಟೆಯ ಹಾಗೆ ಕೂಗಿ ಕರೆಯಿರಿ. ಜಾಸ್ತಿ ಕೂಗಬೇಡಿ, ಹುಂಜಕ್ಕೆ ಅನುಮಾನ ಬರುತ್ತದೆ. ಮಣ್ಣಿನ ಬಣ್ಣದ ಬಟ್ಟೆ ಹಾಕಿ. ಕೆಂಪು, ಬಿಳಿ, ನೀಲಿ ಮೈಮೇಲೆ ಇರಲೇಕೂಡದು, ಯಾಕೆಂದರೆ ಹುಂಜದ ತಲೆಗೆ ಅವೇ ಬಣ್ಣ. ಬೆಳಕು ಹರಿಯುವ ಮೊದಲೇ ಹೋಗಿ ಪೊದೆಯಲ್ಲಿ ಕೂರಿ, ಕೂತ ಮೇಲೆ ರೆಪ್ಪೆ ಕೂಡ ಅಲ್ಲಾಡಿಸಬೇಡಿ. ಬೆನ್ನಿಗೆ ಮರ ಇರಲಿ. ಹೊಡೆಯುವಾಗ ತಲೆ ಮತ್ತು ಕುತ್ತಿಗೆಗೇ ಗುರಿ ಇಡಿ.

ಬೆನ್ನಿಗೆ ಮರ! ಗುಂಡುಕಲ್ಲ ಬೆಟ್ಟದಲ್ಲಿ ಇರುವುದು ಬಂಡೆ, ಜಾಲಿಮುಳ್ಳು, ತಂಗಡಿ ಗಿಡ. ಇನ್ನು ಹೇಟೆಯ ಕೂಗು. ಬಾಯಿಗೆ ಎರಡು ಬೆರಳು ಇಟ್ಟುಕೊಂಡು ‘ಟೊಂಕ್ ಟೊಂಕ್ ಟೊಂಕ್’ ಎಂದು ಜಗಲಿಯ ಮೇಲೆ ಇಡೀ ದಿನ ಪ್ರಾಕ್ಟೀಸು. ಹುಣಸೆಹಣ್ಣು ಜಪ್ಪಿ ಬೀಜ ಬಿಡಿಸಲು ನಮ್ಮ ಮರದ ಕೆಳಗೆ ಕೂರುತ್ತಿದ್ದ ಹೆಂಗಸರಲ್ಲಿ ಚಿಕ್ಕೀರಣ್ಣನ ಸೊಸೆ ಲಕ್ಕಮ್ಮ ಒಬ್ಬಳು. ಅವಳು ಕೈಯಲ್ಲಿದ್ದ ಹುಣಸೆ ಕೆಳಗಿಟ್ಟು, ‘ನರ್ಸಮ್ಮ, ನಿಮ್ಮೆಜಮಾನ್ರಿಗೆ ಕಫ ಕಟ್ಟೈತೇನೋ ನೋಡ್ರಿ’ ಎಂದಳು.

‘ಕಫ ಆಗಿದ್ರೆ ಔಷಧಿ ಇತ್ತು ಕಣೇ’ ಎಂದೆ.

ಬೇಟೆಯ ಬೆಳಿಗ್ಗೆ ಬಂತು. ಇವರು ಮಣ್ಣು ಬಣ್ಣದ ಅಂಗಿ, ಮಣ್ಣು ಬಣ್ಣದ ಪ್ಯಾಂಟು ಹಾಕಿ, ಮುಖಕ್ಕೆ ಒಲೆಯ ಮಸಿ ಬಳಿದುಕೊಂಡು ಗುಡಿಯ ಮುಂದೆ ನಿಂತರು. ನಾನು ನೋಡಲು ಹೋಗಿದ್ದೆ. ಹೋಗಬಾರದಿತ್ತು, ಆದರೆ ಹೋಗಿದ್ದೆ. ಚಿಕ್ಕೀರಣ್ಣ ಸಾಲಾಗಿ ಬಂದು ಒಬ್ಬೊಬ್ಬರ ತಲೆಗೂ ದೇವರ ಕೆಂಪು ವಸ್ತ್ರ ಕಟ್ಟುತ್ತಿದ್ದ. ಬೆಟ್ಟದಲ್ಲಿ ಕಾಪಾಡಲಿ ಎಂದು. ಇವರ ಮುಂದೆ ಬಂದಾಗ ಒಂದು ಗಳಿಗೆ ನಿಂತ. ಇವರ ಬಾಯಿಯಲ್ಲೇ ಬಂದ ಮಾತು, ಕೆಂಪು ಇರಲೇಕೂಡದು ಅಂತ. ನಾನು ಕಣ್ಣಲ್ಲೇ ಬೇಡ ಅಂದೆ. ಇವರು ನನ್ನ ಕಡೆ ನೋಡಲೇ ಇಲ್ಲ. ತಲೆ ಬಗ್ಗಿಸಿ ನಿಂತರು. ಮುದುಕ ಕಟ್ಟಿದ. ತಲೆ ಎತ್ತಿದಾಗ ಆ ಮಸಿ ಬಳಿದ ಮುಖದಲ್ಲಿ ಇದ್ದ ಸಂತೋಷವನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ. ಹಟ್ಟಿಯವರ ಸಾಲಿನಲ್ಲಿ ಅವರದೂ ಒಂದು ಕೆಂಪು ತಲೆ. ಆ ವಸ್ತ್ರವನ್ನು ಬಿಚ್ಚು ಎಂದರೆ ಇನ್ನು ಬ್ರಹ್ಮ ಬಂದರೂ ಬಿಚ್ಚುವವರಲ್ಲ.

ಮಿಕ್ಕವರು ದೊಣ್ಣೆ ಹಿಡಿದು ಬೆಟ್ಟದ ಸುತ್ತು ಹೊರಟರು. ಹುಂಜವನ್ನು ಹಿಡಿಯುವ ಕೆಲಸ ತಜ್ಞರದಲ್ಲವೇ? ಇವರೊಬ್ಬರೇ ಒಂದು ಬಲೆ ಹಿಡಿದು ಮೇಲೆ ಹತ್ತಿ, ಬಂಡೆಗಳ ನಡುವಿನ ತಂಗಡಿ ಪೊದೆಯಲ್ಲಿ ಕೂತರು.

ಅವತ್ತು ನನಗೆ ರಜಾ. ಹುಣಸೆಮರದ ಕೆಳಗೆ ಲಕ್ಕಮ್ಮನ ಜೊತೆ ಕೂತು ಹಣ್ಣಿನ ನಾರು ತೆಗೆಯುತ್ತಿದ್ದೆ. ಬೆಟ್ಟದಿಂದ ‘ಟೊಂಕ್ ಟೊಂಕ್’ ಕೇಳಿತು. ‘ಶುರು ಆಯ್ತು ನೋಡಮ್ಮ’ ಎಂದು ಲಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಬೆಟ್ಟದ ಆಚೆ ಮಗ್ಗುಲಿನಿಂದ ಇನ್ನೊಂದು ‘ಟೊಂಕ್ ಟೊಂಕ್’.

‘ಇದ್ಯಾವ್ದು?’ ಎಂದೆ.

‘ನಿಮ್ಮೋರ ಸಂಗಾತಿ ಬಂದಂಗೈತೆ’ ಎಂದು ಲಕ್ಕಮ್ಮ ಬಿದ್ದು ಬಿದ್ದು ನಕ್ಕಳು.

ಈ ಕಡೆಯ ಹೇಟೆ ಕೂಗಿತು, ಆ ಕಡೆಯ ಹೇಟೆ ಉತ್ತರ ಕೊಟ್ಟಿತು. ಮತ್ತೆ ಈ ಕಡೆ, ಮತ್ತೆ ಆ ಕಡೆ. ಆ ಕಡೆಯದು ಪ್ರತಿ ಸಲವೂ ಇನ್ನಷ್ಟು ಹತ್ತಿರದಿಂದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅಷ್ಟರಲ್ಲಿ ಹುಣಸೆಮರದ ಹಿಂದಿನ ಸಂದಿಯಿಂದ ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡು, ಕೆಂಪು ತಲೆ ಆಡಿಸುತ್ತ, ಯಾರ ಅಪ್ಪಣೆಯೂ ಇಲ್ಲದೆ ಆ ಮಹಾರಾಜ ಟರ್ಕಿ ಹುಂಜವೇ ನಡೆದುಬಂತು. ನೇರವಾಗಿ ನನ್ನ ಮುಸುರೆ ಬಕೆಟ್ಟಿಗೆ. ನಾನು ‘ಅಯ್ಯೋ, ಬಂದ್ಯಾ ಪಾಪಿ’ ಎನ್ನುತ್ತಿದ್ದೆ.

ಆಗ ಬೆಟ್ಟದ ಮೇಲೆ ಗುಂಡಿನ ಸದ್ದಾಯಿತು.

ಹುಂಜ ತಲೆ ಎತ್ತಿ ‘ಗಳಗಳಗಳ’ ಎಂದಿತು. ನಮ್ಮ ನಗು ನಿಂತುಹೋಯಿತು. ಹುಂಜ ಇಲ್ಲೇ ನನ್ನ ಕಾಲ ಬುಡದಲ್ಲಿ ಇದೆ. ಹಾಗಾದರೆ ಮೇಲೆ ಹೊಡೆದದ್ದು ಯಾರಿಗೆ? ಈ ಕಡೆಯ ಹೇಟೆ ಮತ್ತೆ ಕೂಗಲಿಲ್ಲ. ನಾನು ಎದ್ದೆ, ಚಪ್ಪಲಿ ಎಲ್ಲಿ ಬಿದ್ದಿತೋ ಗೊತ್ತಿಲ್ಲ. ಜಾಲಿಮುಳ್ಳಿನ ಮೇಲೆ ಓಡಿದೆ. ದೇವರೇ, ಇಷ್ಟು ದಿನ ಬೈದದ್ದನ್ನೆಲ್ಲ ವಾಪಸ್ಸು ತೆಗೆದುಕೊಳ್ಳುತ್ತೇನೆ, ಮನುಷ್ಯ ಒಬ್ಬ ಉಳಿಯಲಿ, ಉಳಿದ ಮೇಲೆ ಮತ್ತೆ ಬೈದರಾಯಿತು ಎಂದು ಬಡಬಡಿಸಿಕೊಂಡು ಹತ್ತಿದೆ.

ತಂಗಡಿ ಪೊದೆಯ ಪಕ್ಕ ಇವರು ಬೋರಲಾಗಿ ಬಿದ್ದಿದ್ದರು. ಅಂಗಿಯ ಬೆನ್ನು ತೂತು ತೂತು, ರಕ್ತ. ಆಚೆ ಬೆಟ್ಟದ ಹಿಂದಿನ ಊರಿನ ನರಸಿಂಹರಾಜು ಬಂದೂಕು ಹಿಡಿದು ಮರಗಟ್ಟಿ ನಿಂತಿದ್ದ. ಹೊಲಕ್ಕೆ ಬರುವ ಹಂದಿ ಓಡಿಸಲು ಲೈಸೆನ್ಸು ಪಡೆದ ಬಂದೂಕು. ಅವನ ಅಂಗಿ ಪ್ಯಾಂಟು ಕೂಡ ಮಣ್ಣಿನ ಬಣ್ಣ. ಅವನ ಮುಖಕ್ಕೂ ಮಸಿ.

‘ಅಕ್ಕಾ, ಹುಂಜ ಅಂದ್ಕಂಬುಟ್ಟೆ ಕಣಕ್ಕ! ಹೇಟೆ ಕೂಗ್ತಾ ಇತ್ತು, ಹುಂಜ ಪಕ್ಕದಾಗೇ ಇರ್ತೈತೆ ಅಂತ ಬಂದೆ. ಪೊದೆ ಮೇಲೆ ಕೆಂಪುತಲೆ ಅಲ್ಲಾಡ್ತು. ಕುತ್ತಿಗೆಗೇ ನೋಡ್ಕಂಡು ಹೊಡೀರಿ ಅಂತ ಅಣ್ಣನೇ ಹೇಳಿದ್ರಲ್ಲ ಮೆಸೇಜ್ನಾಗೆ.’

ಎಲ್ಲ ಟಿಪ್ಸನ್ನೂ ಒಂದು ಬಿಡದೆ ಪಾಲಿಸಿದ್ದ ಪುಣ್ಯಾತ್ಮ. ಗ್ರೂಪಿನಿಂದ ಗ್ರೂಪಿಗೆ ಹಾರಿ ಬೆಟ್ಟದಾಚೆಯ ಊರಿಗೂ ಹೋಗಿ ಮುಟ್ಟಿತ್ತು ನಮ್ಮ ಯಜಮಾನರ ಜ್ಞಾನ. ತಮ್ಮ ಉಪದೇಶಕ್ಕೆ ತಾವೇ ಗುರಿಯಾದ ಗುರುಗಳನ್ನು ನಾನು ಬೇರೆ ಕಂಡಿಲ್ಲ. ರೆಪ್ಪೆ ಕೂಡ ಅಲ್ಲಾಡಿಸಬಾರದು ಎಂದು ಹೇಳಿದವರು ಕೆಂಜಿಗದ ಸಾಲಿನ ಮೇಲೆ ಕೂತಿದ್ದರಂತೆ. ತಡೆದು ತಡೆದು, ಕೊನೆಗೆ ತಾಳಲಾರದೆ ತೊಡೆ ಕೆರೆದುಕೊಳ್ಳಲು ಬೆನ್ನು ತಿರುಗಿಸಿ ಬಗ್ಗಿದ ಕ್ಷಣಕ್ಕೆ ಸರಿಯಾಗಿ ಗುಂಡು ಹಾರಿದೆ. ಮುಖಕ್ಕೆ ಬೀಳಬೇಕಾದ ಚರೆಗಳು ಬೆನ್ನಿಗೂ ಕುಂಡೆಗೂ ಬಿದ್ದವು. ನಾನು ಕುತ್ತಿಗೆಯ ಮೇಲೆ ಕೈಯಿಟ್ಟೆ. ಎಷ್ಟೋ ಜನರ ನಾಡಿ ಹಿಡಿದ ಕೈಗೆ ಇವರ ನಾಡಿ ಸಿಗಲೊಲ್ಲದು. ಸಿಕ್ಕಿತು. ಅಲ್ಲೇ ಕೂತು ಅತ್ತುಬಿಟ್ಟೆ.

ಇವರು ಕಣ್ಣು ಬಿಟ್ಟರು. ‘ಹುಂಜ ಸಿಕ್ತಾ ಗಂಗಾ?’

ಗಾಯವಿಲ್ಲದ ಕಡೆ ನೋಡಿ ಒಂದು ಬಾರಿಸೋಣವೆನಿಸಿತು.

ಕೂಗು ಕೇಳಿ ಬೆಟ್ಟದ ಸುತ್ತಿನಿಂದ ಓಡಿಬಂದ ಚಿಕ್ಕೀರಣ್ಣ ಹೆಗಲ ಕಂಬಳಿ ಹಾಸಿದ. ಅದರಲ್ಲೇ ಹೊತ್ತು ರಸ್ತೆಗೆ ಇಳಿಸಿದರು. ಬಂದ ಬಸ್ಸನ್ನು ಅಡ್ಡ ನಿಂತು ನಿಲ್ಲಿಸಿದರು. ಹಬ್ಬದ ಜನ ಎದ್ದು ಹಿಂದಿನ ಸೀಟು ಬಿಟ್ಟುಕೊಟ್ಟರು, ಡ್ರೈವರು ಒಂದೇ ಸಮ ಹಾರ್ನು ಒತ್ತಿಕೊಂಡು ಎಲ್ಲೂ ನಿಲ್ಲಿಸದೆ ಕೊರಟಗೆರೆ ಆಸ್ಪತ್ರೆಯ ಬಾಗಿಲಿಗೇ ತಂದ. ಹೊರಡುವಾಗ ನಮ್ಮ ಹಿತ್ತಲಿನಿಂದ ‘ಗಳಗಳಗಳ’ ಕೇಳಿತು. ಬಸ್ಸಿನುದ್ದಕ್ಕೂ ಚಿಕ್ಕೀರಣ್ಣ ಇವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಡಾಕ್ಟರು ಚರೆ ತೆಗೆದರು. ಒಂದು ಮಾತ್ರ ಕುತ್ತಿಗೆಯ ಪಕ್ಕ, ನರವನ್ನು ಸವರಿಕೊಂಡು ಹೋಗಿತ್ತು. ‘ಬಗ್ಗದೇ ಇದ್ದಿದ್ರೆ ಇವರು ಇರ್ತಿರಲಿಲ್ಲಮ್ಮ’ ಎಂದರು. ಪೊಲೀಸರು ಬಂದು ಬರೆದುಕೊಂಡು ಹೋದರು, ಬಂದೂಕು ಠಾಣೆ ಸೇರಿತು. ಒಂದು ರಾತ್ರಿ ಮಲಗಿಸಿಕೊಂಡು ಮಾರನೆ ದಿನ ಬೆಳಿಗ್ಗೆ ಮನೆಗೆ ಬಿಟ್ಟರು.

ಮನೆಗೆ ತಂದು ಮಂಚದ ಮೇಲೆ ಬೋರಲಾಗಿ ಮಲಗಿಸಿದೆ. ಮಧ್ಯಾಹ್ನ ಲಕ್ಕಮ್ಮ ಎಲೆಗಂಟು ಹಿಡಿದು ಬಾಗಿಲಿಗೆ ಬಂದಳು.

‘ಮಾವ ಕಳಿಸ್ದ ನರ್ಸಮ್ಮ. ಪಾಲು.’

ಎರಡು ವರ್ಷ ಬೆಳಗಿಟ್ಟ ಪಾತ್ರೆಗೆ ಕೊನೆಗೂ ಒಂದು ಪಾಲು! ಆದರೆ ಹೊಸತೊಡಕು ನಿನ್ನೆ ಮುಗಿಯಿತಲ್ಲ ಎಂದು ಕೇಳಿದೆ.

‘ಎಲ್ಲಿ ಮುಗೀತು? ಬೇಟೆಗೆ ಹೋದೋರು ಎಲ್ಲಾ ವಾಪಸ್ ಬರೋಗಂಟ ಕುರಿ ಕುಯ್ಯಂಗಿಲ್ಲ. ನಿನ್ನೆ ಹಟ್ಟಿಯಾಗೆ ಯಾರ ಮನೇಲೂ ಬಾಡು ಬೇಯ್ಲಿಲ್ಲ.’

‘ಮತ್ತೆ ಇಷ್ಟು ವರ್ಷ ಕೊಡದ ಪಾಲು ಈಗ ಯಾಕೆ?’

ಲಕ್ಕಮ್ಮ ನೆಲ ನೋಡಿದಳು. ‘ಅದು ಏಟು ತಿಂದ ನಾಯಿ ಪಾಲು. ಬೇಟೇಲಿ ನಾಯಿಗೆ ಏಟು ಬಿದ್ರೆ ಅದಕ್ಕೊಂದು ಪಾಲು ಅಂತ ತೆಗ್ದು, ಅದು ಬಿದ್ದಿರೋ ತಾವ್ಕೇ ಕೊಂಡೋಗಿ ಕೊಡೋದು ಪದ್ಧತಿ. ಮನುಷ್ರಿಗೆ ಏಟು ಬಿದ್ದಿದ್ದು ಇದೇ ಮೊದ್ಲು. ಆಮ್ಯಾಕೆ ಮಾವ ಇದುನ್ನೇ ಕೊಟ್ಟು ಬಾ ಅಂದ.’

ನನ್ನ ಮೈ ಉರಿದುಹೋಯಿತು. ನನ್ನ ಗಂಡ ಪೆದ್ದ ಇರಬಹುದು, ಸೋಮಾರಿ ಇರಬಹುದು, ವಿಡಿಯೋ ನೋಡಿ ಬುದ್ಧಿ ಮಣ್ಣು ಮಾಡಿಕೊಂಡವನಿರಬಹುದು. ಅದನ್ನೆಲ್ಲ ಹೇಳುವ ಹಕ್ಕು ತಾಳಿ ಕಟ್ಟಿಸಿಕೊಂಡ ನನಗೆ. ನಾಯಿಯ ಪಾಲು ಕಳಿಸಲು ಇವರ್ಯಾರು? ಒಳಗಿನಿಂದ ಇವರು, ‘ಪಾಲು ಬಂತಾ ಗಂಗಾ? ನಮಗೂ ಬಂತಾ?’ ಎಂದು ಮಗುವಿನಂತೆ ಕೇಳುತ್ತಿದ್ದರು. ಆ ದನಿ ಕೇಳಿ ನನಗೆ ಇನ್ನೂ ಸಂಕಟವಾಯಿತು. ಎಲೆಗಂಟು ಹಿಡಿದು ನೆಟ್ಟಗೆ ಗುಡಿಯ ಹಿಂದಿನ ಬಯಲಿಗೆ ಹೋದೆ.

ಹೆಚ್ಚಿನವರು ಗುಡ್ಡೆ ಎತ್ತಿಕೊಂಡು ಹೋಗಿಯಾಗಿತ್ತು. ಚಿಕ್ಕೀರಣ್ಣ ಕಲ್ಲಿನ ಮೇಲೆ ಕೂತು ಕತ್ತಿ ಒರೆಸುತ್ತಿದ್ದ.

‘ಏನು ಚಿಕ್ಕೀರಣ್ಣ, ನಿಮ್ಮ ಮಕ್ಕಳು ಮರಿಗೆಲ್ಲ ಕೈ ಹಿಡಿದು ಮದ್ದು ಹಾಕಿದ್ದಕ್ಕೆ ಇದಾ ಮರ್ಯಾದೆ? ಊರಿನ ಪಾಲು ಕೊಡೋಕೆ ಮನಸ್ಸಿಲ್ಲ ಅಂದ್ರೆ ಬೇಡ. ನಾಯಿ ಪಾಲು ಯಾಕೆ ಕಳಿಸಿದ್ರಿ? ಆ ಮನುಷ್ಯ ನಿಮ್ಮ ವಸ್ತ್ರ ಕಟ್ಕೊಂಡು ಸಾಯ್ತಿದ್ರಲ್ಲ!’

ಮುದುಕ ಕತ್ತಿ ಕೆಳಗಿಟ್ಟ. ಸಿಟ್ಟಾಗಲಿಲ್ಲ.

‘ಅದು ಮರ್ಯಾದೆ ಪಾಲು ಕಣಮ್ಮ. ನಮ್ಮ ಬೇಟೇಲಿ ರಕ್ತ ಕೊಟ್ಟೋನಿಗೆ ಮೊದ್ಲು ಎತ್ತಿಡಾದು. ನಾಯಿ ಅಂತ ನೀವು ಬೇಜಾರ್ ಮಾಡ್ಕಂಡ್ರೆ ನಾನೇನ್ ಮಾಡ್ಲಿ? ನಮ್ಗೆ ನಾಯೀನೂ ಮನೆ ಮಗನೇ.’ ಆಮೇಲೆ ಬಯಲಿನ ಅಂಚಿನ ಕಡೆ ಕೈ ತೋರಿಸಿದ. ‘ಊರಿನ ಪಾಲು ಅಲ್ಲೈತೆ ನೋಡಿ, ನಿಮ್ಮನೇದು.’

ಸಾಲಿನ ಕೊನೆಯಲ್ಲಿ ಮುತ್ತುಗದ ಎಲೆಯ ಮೇಲೆ ಒಂದು ಗುಡ್ಡೆ ಹಾಗೇ ಉಳಿದಿತ್ತು. ಮೇಲೆ ಇನ್ನೊಂದು ಎಲೆ ಮುಚ್ಚಿ ಕಲ್ಲು ಹೇರಿದ್ದರು.

‘ಈ ವರ್ಷ ಹಾಕಿದ್ರಾ?’

‘ಈ ವರ್ಷ ಯಾಕಮ್ಮ? ನೀವು ಬಂದ ವರ್ಷದಿಂದ್ಲೂ ಇಕ್ತಾ ಇದೀವಿ. ಒಲೆ ಹತ್ತೋ ಮನೆಗೆಲ್ಲ ಒಂದೊಂದು ಗುಡ್ಡೆ. ನಿಮ್ಮನೇಲಿ ಒಲೆ ಹತ್ತಲ್ವಾ? ಮನೆಯೋರು ಬಂದು ಎತ್ಕಂಡೋಗ್ಬೇಕು, ಒಬ್ರ ಪಾಲು ಇನ್ನೊಬ್ರು ಮುಟ್ಟಂಗಿಲ್ಲ. ಯಾರೂ ಬರ್ಲಿಲ್ಲ. ಸಂಜೆಗಂಟ ಕಾದು ಕುರಿ ಕಾಯೋ ನಾಯ್ಗಳಿಗೆ ಹಾಕ್ತಿದ್ವಿ.’

‘ಒಂದು ಮಾತು ಕರೀಬಾರ್ದಿತ್ತಾ?’

ಮುದುಕ ನನ್ನ ಹಣೆ ನೋಡಿದ. ‘ದಿನಾ ಈಬೂತಿ ಇಟ್ಕಂಡಿರೋ ತಾಯೀನ ಬಾಡು ಎತ್ಕಳಾಕೆ ಬನ್ನಿ ಅಂತ ಹೆಂಗಮ್ಮ ಕರೆಯಾದು? ತಪ್ಪಾಗ್ತಿತ್ತು. ತಿಂಬೋರಾದ್ರೆ ಬತ್ತಾರೆ, ತಿನ್ನದೋರಾದ್ರೆ ಬರಲ್ಲ ಅಂತ ಸುಮ್ಕಿದ್ವಿ. ಆ ಕೋಳಿಗಳ್ನೂ ಮಾರಾಕೆ ಸಾಕವ್ರೆ ಅಂದ್ಕಂಡ್ವಿ.’

ವಿಭೂತಿ! ಚಿಕ್ಕಂದಿನಲ್ಲಿ ನನಗೆ ಕಾಯಿಲೆಯಾದಾಗ ಅಮ್ಮ ಹೊತ್ತ ಹರಕೆ ಅದು. ಸಿದ್ದರಬೆಟ್ಟದ ವಿಭೂತಿಯನ್ನು ಮಗಳು ಬದುಕಿರುವವರೆಗೂ ಹಣೆಗಿಡುತ್ತಾಳೆ ಎಂದು. ಅದನ್ನು ಇಟ್ಟುಕೊಂಡೇ ನಾನು ಭಾನುವಾರ ಕೋಳಿ ಸಾರು ಮಾಡುತ್ತಿದ್ದೆ. ಇವರು ಪಾತ್ರೆ ಬೆಳಗಿ ಜಗಲಿಯ ಮೇಲೆ ಕೂತಿದ್ದಾಗ, ಇವರ ಗುಡ್ಡೆ ಬಯಲಿನಲ್ಲಿ ಎಲೆಯ ಮೇಲೆ ಇವರಿಗಾಗಿ ಕಾದು ಒಣಗುತ್ತಿತ್ತು. ನಡುವೆ ಇದ್ದದ್ದು ನಾಲ್ಕು ಹೆಜ್ಜೆ ದಾರಿ. ಅದನ್ನು ನಡೆಯುವ ಬದಲು ನಮ್ಮ ಮಹಾನುಭಾವರು ಮಸಿ ಬಳಿದುಕೊಂಡು, ಹೇಟೆಯಂತೆ ಕೂಗಿ, ಬೆನ್ನಿಗೆ ಗುಂಡು ಹೊಡೆಸಿಕೊಂಡು ಬಂದಿದ್ದರು.

ಹೋಗಿ ಕಲ್ಲು ಸರಿಸಿ ಗುಡ್ಡೆಯನ್ನು ಸೆರಗಿನಲ್ಲಿ ಎತ್ತಿಕೊಂಡೆ. ನಾಲ್ಕು ಹೆಜ್ಜೆ ಬಂದವಳು ತಿರುಗಿ ನಿಂತು, ‘ಚಿಕ್ಕೀರಣ್ಣ, ಮೊದಲಿಂದ ಇಕ್ತಿದ್ರಿ ಅನ್ನೋದನ್ನ ಅವರಿಗೆ ಹೇಳಬೇಡಿ’ ಎಂದೆ.

‘ನಂಗ್ಯಾಕಮ್ಮ’ ಎಂದು ಮುದುಕ ಕತ್ತಿ ಎತ್ತಿಕೊಂಡ.

ಎರಡೂ ಪಾಲನ್ನು ಒಂದೇ ಪಾತ್ರೆಗೆ ಹಾಕಿ ಬೇಯಿಸಿದೆ. ಜಗಲಿಯ ಮೇಲೆ ಕಾದಿದ್ದ ಅದೇ ಪಾತ್ರೆ. ಬೋರಲಾಗಿ ಮಲಗಿದವರ ಬಾಯಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಇಟ್ಟೆ. ನುಂಗಿದರು. ಕಣ್ಣಲ್ಲಿ ನೀರಿತ್ತು, ಖಾರಕ್ಕೋ ಏನೋ.

‘ನೋಡ್ದಾ ಗಂಗಾ, ಗುಂಡು ತಿಂದ ಮೇಲೆ ಊರು ಒಪ್ಕೊಂತು. ನೀನು ನಗ್ತಿದ್ದೆ. ಕಷ್ಟಪಡದೆ ಏನೂ ಸಿಗಲ್ಲ.’

ನನ್ನ ನಾಲಿಗೆಯ ತುದಿಗೆ ಎಂಥೆಂಥ ಮಾತು ಬಂದವೆಂದರೆ, ಅವುಗಳಲ್ಲಿ ಒಂದನ್ನು ಬಿಟ್ಟಿದ್ದರೂ ಆ ಮನುಷ್ಯ ಇನ್ನು ತಲೆ ಎತ್ತುತ್ತಿರಲಿಲ್ಲ. ಇನ್ನೊಂದು ತುತ್ತು ಅದ್ದಿ ಬಾಯಿಗಿಟ್ಟೆ.

ಆ ಮಳೆಗಾಲಕ್ಕೆ ನನಗೆ ಪಾವಗಡ ಕಡೆಗೆ ವರ್ಗವಾಯಿತು. ಹುಂಜವನ್ನು ಚಿಕ್ಕೀರಣ್ಣನ ಕುರಿಹಟ್ಟಿಗೆ ಬಿಟ್ಟುಹೋದೆವು. ಕುರಿಗಳ ನಡುವೆ ಮೆರೆದುಕೊಂಡು, ಬಸ್ಸುಗಳಿಗೆಲ್ಲ ಉತ್ತರ ಕೊಟ್ಟುಕೊಂಡು ಬಹಳ ದಿನ ಬದುಕಿತಂತೆ. ನಮ್ಮ ಯಜಮಾನರು ಈಗ ವಳ್ಳೂರಿನ ಕಡೆ ಸೋಲಾರ್ ಪ್ಲೇಟು ತೊಳೆಸುವ ಕೆಲಸದಲ್ಲಿದ್ದಾರೆ, ದೇವರು ದೊಡ್ಡವನು. ಊಟದ ಹೊತ್ತಿನಲ್ಲಿ ಅಂಗಿ ಎತ್ತಿ ಗಾಯದ ಕಲೆ ತೋರಿಸಿ, ಒಂದು ಊರಿನ ಪಾಲನ್ನು ತಾವು ಹೇಗೆ ಸಂಪಾದಿಸಿದೆವು ಎಂದು ಹೇಳುತ್ತಾರಂತೆ. ಕೆಲಸದವರು ‘ಅಬ್ಬೋ, ನಿಜಮಾ ಸಾರ್?’ ಎಂದು ಬಾಯಿ ಬಿಡುತ್ತಾರಂತೆ. ಆ ಟಿಪ್ಸನ್ನೂ ಹೇಳಿಕೊಡುತ್ತಾರೆ. ಕೆಂಪು ಮಾತ್ರ ಇರಲೇಕೂಡದು ಎಂದು ಈಗ ಎರಡೆರಡು ಸಲ.

ಪ್ರತಿ ವರ್ಷ ಹೊಸತೊಡಕಿಗೆ ನಾನೊಬ್ಬಳೇ ಹೋಗಿಬರುತ್ತೇನೆ. ‘ನಾನೂ ಬರ್ತೀನಿ’ ಎಂದು ಇವರು ಗೋಗರೆಯುತ್ತಾರೆ. ಬಸ್ಸಿನಲ್ಲಿ ಕೂತರೆ ಗಾಯ ನೋಯುತ್ತದೆ, ಬಿಸಿಲು ಜಾಸ್ತಿ, ಮನೆ ನೋಡಿಕೊಳ್ಳಲು ಯಾರಿಲ್ಲ ಎಂದು ಏನಾದರೊಂದು ಹೇಳಿ ಬಿಟ್ಟು ಬರುತ್ತೇನೆ. ಕರೆತಂದರೆ ಹಟ್ಟಿಯಲ್ಲಿ ಯಾರಾದರೊಬ್ಬರು ಬಾಯಿ ಬಿಟ್ಟೇಬಿಡುತ್ತಾರೆ.

ಬಸ್ಸು ನಿಂತಿತು. ಡಬ್ಬಿ ಹಿಡಿದು ಇಳಿದು, ಗುಡಿಯ ಹಿಂದಿನ ಬಯಲಿಗೆ ನಡೆದೆ. ಚಿಕ್ಕೀರಣ್ಣನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಹೆಜ್ಜೆಯ ಸದ್ದಿಗೆ ತಲೆ ಎತ್ತಿದ.

‘ಬಂದ್ರಾ ನರ್ಸಮ್ಮ? ನಿಮ್ದು ಅಲ್ಲೈತೆ, ಎತ್ಕಳಿ.’